ಸ್ಟೈಲ್ ಅಲ್ಲ ಗುರು, ಅದು ಫಾಲ್ಟು (ಭಾಗ 3)

ಎಲ್‌ಇಡಿ ಹಾಕಿಸಿದ ಮೇಲೆ ಇಂಡಿಕೇಟರ್ ಪಟಪಟ ಹೊಡ್ಕೊಳ್ಳೋದನ್ನ ರೀಲ್ಸ್ ಮಾಡಿ ಹಾಕ್ತೀರಲ್ಲ, ಅದು ಬಲ್ಬ್ ಸುಟ್ಟೋಗಿದೆ ಅಂತ ಗಾಡಿ ಬಡ್ಕೊಳ್ತಿರೋದು. ಹಳೇ ಬಲ್ಬ್ ಒಂದೊಂದು 10 ವ್ಯಾಟ್. ಹಳೇ ಫ್ಲ್ಯಾಶರ್ ಆ ಲೋಡ್ ನೋಡ್ಕೊಂಡೇ ಮಿಣುಕಿಸೋದು. ಎಲ್‌ಇಡಿ ಒಂದೆರಡು ವ್ಯಾಟ್ ಎಳೆದರೆ ಅದರ ಲೆಕ್ಕ ತಪ್ಪುತ್ತೆ.

ನಂದು ಇನ್ನೂ ಚೆಂದ. ಮೀಟರಲ್ಲಿ ಎರಡೂ ಕಡೆಗೆ ಒಂದೇ ಇಂಡಿಕೇಟರ್ ಬಲ್ಬ್. ಬಲಕ್ಕೆ ಹಾಕಿದ್ರೆ ಅದರ ಮೂಲಕ ಕರೆಂಟ್ ಎಡಕ್ಕೂ ನುಗ್ಗಿ ನಾಲ್ಕೂ ಮಿಣಮಿಣ! ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗ್ತಾ ತೆರಕಣಾಂಬಿ ಹತ್ರ ಬಲಕ್ಕೆ ತಿರುಗಿದೆ, ಹಿಂದಿದ್ದ ಟೆಂಪೋ ಬಲದಿಂದಲೇ ಓವರ್‌ಟೇಕ್‌ಗೆ ಬಂತು. ಮೊಣಕಾಲು ಒಂದು ಗೇಣಲ್ಲಿ ಉಳೀತು. ಡ್ರೈವರ್ ನನಗೇ ಬೈದ. ಅವನ ತಪ್ಪೇನಿತ್ತು?

ಹಾಕಿಕೊಟ್ಟ ಅಂಗಡೀಲಿ ಕೇಳಿದ್ರೆ "ಎಲ್‌ಇಡಿ ಅಂದ್ರೆ ಹಂಗೇ" ಅಂತಾರೆ. ಹಂಗಲ್ಲ ಅಣ್ಣಾ. ಎಲ್‌ಇಡಿಗೆ ಆಗೋ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕ್ಬೇಕು, ಮೀಟರ್ ಬಲ್ಬಿಗೆ ಎರಡು ಡಯೋಡ್ ಕೊಟ್ಟು ಇನ್ನೊಂದು ತುದಿ ಅರ್ತ್ ಮಾಡ್ಬೇಕು. ರೆಸಿಸ್ಟರ್ ಹಾಕಿದ್ರೂ ಪಟಪಟ ನಿಲ್ಲುತ್ತೆ, ಆದರೆ ಅದು ಕಾದ ಕಾವಲಿ, ವೈರಿಗೆ ಅಂಟಿಸಬೇಡಿ. ಅರ್ಧ ಮಾಲು ಕೊಟ್ಟು ಪೂರ್ತಿ ದುಡ್ಡು ತಗೊಳ್ಳೋದನ್ನ ನಮ್ಮ ಬಿಕಾಂ ಪುಸ್ತಕದಲ್ಲೂ ವ್ಯಾಪಾರ ಅನ್ನಲ್ಲ.

ರಾತ್ರಿ 9ಕ್ಕೆ ಬಂಡೀಪುರ ಗೇಟ್ ಮುಚ್ಚುತ್ತೆ ಅಂತ ಸಂಜೆ ಗುಂಡ್ಲುಪೇಟೇಲಿ ಎಲ್ಲಾ ಗಾಡಿಗೂ ಅರ್ಜೆಂಟು. ಅದರ ನಡುವೆ ನಾಲ್ಕೂ ಮಿಣುಕಿಸ್ಕೊಂಡು ಎತ್ತ ಹೋಗ್ತೀರಾ? ಸ್ಟ್ಯಾಂಡ್ ಹಾಕಿ, ಇವತ್ತೇ ಒಂದ್ಸಲ ನೋಡ್ಕೊಳ್ಳಿ.