ಸಾಹೇಬರೇ ಕಡತ ಹೊತ್ತರೆ ಹೇಗೆ?

ಪರೀಕ್ಷೆಯ ಫಲಿತಾಂಶ ಬರುವ ದಿನ ಮನೆಮನೆಯಲ್ಲೂ ಒಂದೇ ಗೋಳು. ಮಗಳು ನೋಂದಣಿ ಸಂಖ್ಯೆ ಒತ್ತಿ ಕಾಯುತ್ತಾಳೆ. ಅಂಕಪಟ್ಟಿಯ ಬದಲು ತೆರೆಯ ಮೇಲೆ ಚಕ್ರವೊಂದು ಗಿರಗಿರನೆ ತಿರುಗುತ್ತಲೇ ಇರುತ್ತದೆ. 'ಎಲ್ಲರೂ ಒಟ್ಟಿಗೆ ನೋಡ್ತಿದ್ದಾರಲ್ಲಮ್ಮಾ, ಅದಕ್ಕೇ' ಎಂದು ಅಪ್ಪ ಸಮಾಧಾನ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಎಷ್ಟು ಜನ ಬಂದರು ಎಂಬುದರಷ್ಟೇ, ಬಂದವರಿಗೆ ಕಡತವನ್ನು ಯಾರು ಹಂಚುತ್ತಿದ್ದಾರೆ ಎಂಬುದೂ ಮುಖ್ಯ.

ಒಂದು ಕಚೇರಿಯನ್ನು ಊಹಿಸಿಕೊಳ್ಳಿ. ನಕಲು ಕೇಳಲು ಬಂದವರು ಯಾರು, ಅವರಿಗೆ ಕೊಡಬಹುದೇ ಎಂದು ನೋಡಿ ರುಜು ಹಾಕುವುದು ಸಾಹೇಬರ ಕೆಲಸ. ರುಜು ಹಾಕಿದ ಮೇಲೂ ಅವರೇ ದಾಖಲೆ ಕೋಣೆಗೆ ನಡೆದು, ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ತಂದುಕೊಡುತ್ತ ನಿಂತರೆ ಹೊರಗಿನ ಸಾಲು ಕರಗುವುದೆಂದು? ಜಾಲತಾಣದ ಹಿಂದಿರುವ ಅನ್ವಯ ತಂತ್ರಾಂಶವೇ ಈ ಸಾಹೇಬರು. ಅನೇಕ ತಾಣಗಳಲ್ಲಿ ಅವರು ಹೀಗೆಯೇ ಹೊರೆ ಹೊರುತ್ತಿರುತ್ತಾರೆ.

ಲೆಕ್ಕ ಮಾಡಿ ನೋಡೋಣ. ಅಂಕಪಟ್ಟಿಯ ಕಡತ 200 ಕಿಲೋಬೈಟ್ ಎನ್ನಿ. ಬೈಟಿಗೆ 8 ಬಿಟ್‌ನಂತೆ 16 ಲಕ್ಷ ಬಿಟ್. ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಸೆಕೆಂಡಿಗೆ 1 ಲಕ್ಷ ಬಿಟ್ ಹರಿದರೆ ಪೂರ್ತಿ ತಲುಪಲು 16 ಸೆಕೆಂಡು ಬೇಕು. ತಾಣದಲ್ಲಿ ಅಂಥ ಸಾಹೇಬರು 50 ಮಂದಿ ಇದ್ದು, ಪ್ರತಿಯೊಬ್ಬರೂ ಕೊನೆಯ ಬಿಟ್ ಹೋಗುವವರೆಗೆ ಅಲ್ಲೇ ನಿಂತರೆ, ಸೆಕೆಂಡಿಗೆ ವಿಲೇವಾರಿ ಆಗುವುದು ಸುಮಾರು 3 ಮಂದಿ ಮಾತ್ರ. ಬರೀ ಪರಿಶೀಲನೆಗಾದರೆ ಒಬ್ಬರಿಗೆ ಸೆಕೆಂಡಿನ 20ನೇ ಒಂದು ಭಾಗ ಸಾಕೆನ್ನೋಣ. ಆಗ ಅದೇ 50 ಮಂದಿ ಸೆಕೆಂಡಿಗೆ 1,000 ರುಜು ಹಾಕಬಲ್ಲರು! ಯಂತ್ರ ಬದಲಾಗಲಿಲ್ಲ, ಹೊಸದಾಗಿ ಖರ್ಚಾಗಲಿಲ್ಲ. (ಆಗ ಇಕ್ಕಟ್ಟು ತಂತಿಗೆ ವರ್ಗವಾಗುತ್ತದೆ ಎನ್ನಿ. ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸುವ ತಂತಿಯಲ್ಲೂ ಹೋಗುವುದು 625 ಪ್ರತಿ.)

ಹಾಗಾದರೆ ಪರಿಶೀಲನೆಯ ಗೊಡವೆಯೇ ಬೇಡ, ಕಡತಗಳನ್ನೆಲ್ಲ ಬಯಲಲ್ಲಿಟ್ಟರಾಯಿತು ಎನ್ನುವವರುಂಟು. ಪಠ್ಯಪುಸ್ತಕಕ್ಕೆ ಅದು ಸರಿ. ಅಂಕಪಟ್ಟಿಗೆ ಖಂಡಿತ ಸಲ್ಲದು. ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಪಕ್ಕದ ಬೆಂಚಿನವನ ಅಂಕ, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಕಣ್ಣಿಗೆ ಬೀಳುತ್ತವೆ. ನಪಾಸಾದ ಮಗು ತಾನಾಗಿ ಬಾಯಿಬಿಡುವ ಮೊದಲೇ ಬೀದಿಗೆಲ್ಲ ಗೊತ್ತಾಗುವುದು ಸಣ್ಣ ಮಾತಲ್ಲ.

ದಾರಿ ಇದೆ. ಇಗೋರ್ ಸಿಸೊಯೆವ್ ಎಂಬ ರಷ್ಯದ ತಂತ್ರಜ್ಞ 2004ರಲ್ಲಿ 'ಎಂಜಿನ್-ಎಕ್ಸ್' ಎಂಬ ಸರ್ವರ್ ತಂತ್ರಾಂಶವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಇದು ಚುರುಕು ಜವಾನನಿದ್ದಂತೆ. ಒಬ್ಬನೇ ಸಾವಿರಾರು ಮಂದಿಯನ್ನು ನಿಭಾಯಿಸುತ್ತಾನೆ. ನಿಧಾನವಾಗಿ ತೆಗೆದುಕೊಳ್ಳುವವರ ಮುಂದೆ ಕಾದು ನಿಲ್ಲದೆ, ಯಾರ ಕೈ ಖಾಲಿಯಾಯಿತೋ ಅವರಿಗೆ ಮುಂದಿನ ತುಣುಕು ಕೊಟ್ಟು ಸಾಗುತ್ತಾನೆ. ಸಾಹೇಬರು ಗುರುತು ನೋಡಿ, ಉತ್ತರದ ತಲೆಬರಹದಲ್ಲಿ 'ಎಕ್ಸ್-ಆಕ್ಸೆಲ್-ರಿಡೈರೆಕ್ಟ್' ಎಂಬ ಚೀಟಿ ಬರೆದು, ಇಂಥ ಕಡತ ಕೊಡು ಎಂದರೆ ಮುಗಿಯಿತು. ಕಡತವಿರುವ ಕೋಣೆಗೆ ಹೊರಗಿನವರಿಗೆ ನೇರ ಬಾಗಿಲಿಲ್ಲ. ಚೀಟಿಯನ್ನು ಜವಾನ ತಾನೇ ಇಟ್ಟುಕೊಳ್ಳುವುದರಿಂದ ವಿದ್ಯಾರ್ಥಿಯ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಜವಾನನ ಕೈಯಲ್ಲಿ ಇನ್ನೊಂದು ಅಡ್ಡದಾರಿಯೂ ಇದೆ. ಸಾಮಾನ್ಯವಾಗಿ ಕಡತ ಡಿಸ್ಕಿನಿಂದ ಕಾರ್ಯಾಚರಣ ವ್ಯವಸ್ಥೆಯ ಸ್ಮೃತಿಗೆ, ಅಲ್ಲಿಂದ ತಂತ್ರಾಂಶದ ಸ್ಮೃತಿಗೆ, ಮತ್ತೆ ವ್ಯವಸ್ಥೆಯ ಸ್ಮೃತಿಗೆ ನಕಲಾಗಿ ಆಮೇಲೆ ತಂತಿ ಸೇರುತ್ತದೆ. 1999ರ ಲಿನಕ್ಸ್ 2.2 ಆವೃತ್ತಿಯಲ್ಲಿ ಬಂದ 'ಸೆಂಡ್‌ಫೈಲ್' ಆಜ್ಞೆ ನಡುವಿನ ಈ ಸುತ್ತಾಟವನ್ನು ತಪ್ಪಿಸಿತು.

ಇನ್ನು 90 ಭಾಗ ಇಳಿದು ನಿಂತುಹೋಗುವ ಕಡತದ ಸಂಗತಿ. ಮೊದಲಿನಿಂದ ಶುರುಮಾಡಿದರೆ ಕಾಸು ಕೊಟ್ಟ ಡೇಟಾ ದಂಡ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲೇ ಇದಕ್ಕೆ ಏರ್ಪಾಡಿದೆ. 'ಇಷ್ಟನೇ ಬೈಟಿನಿಂದ ಮುಂದಕ್ಕೆ ಕೊಡಿ' ಎಂದು ಬ್ರೌಸರ್ ಕೇಳಬಹುದು. ಸರ್ವರ್ 206 ಎಂಬ ಸಂಕೇತದೊಡನೆ ಉಳಿದ ಭಾಗವನ್ನಷ್ಟೇ ಕಳಿಸುತ್ತದೆ. ಸಾಹೇಬರೇ ಕಡತ ಹಂಚುವ ತಾಣಗಳಲ್ಲಿ ಎಷ್ಟೋ ಸಲ ಈ ಸೌಲಭ್ಯವನ್ನು ಬರೆಯಲು ಮರೆತಿರುತ್ತಾರೆ. ಜವಾನನಿಗೆ ಅದು ಮೊದಲೇ ಗೊತ್ತು.