ದಾದಿಯ ಮದ್ದಿಗೂ ಒಂದು ಗಡಿಯಿದೆ

ಮನೆಯ ಹಿರಿಯರಿಗೆ ಗೊತ್ತಿರುವ ಒಂದು ಮದ್ದನ್ನು ಕೇಳಿ ಬರೆದು ತರುವಂತೆ ನನ್ನ ತರಗತಿಯ ಮಕ್ಕಳಿಗೆ ಹೇಳಿದ್ದೆ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಹೀಗೆಯೇ ಹಿರಿಯರನ್ನು ಕೇಳಿ ಊರಿನ ಕಥೆ, ನಂಬಿಕೆ, ಮನೆಮದ್ದುಗಳನ್ನು ಬರೆದಿಟ್ಟರು. ಆ ಪುಸ್ತಕಗಳು ಇಂದಿಗೂ ಡಬ್ಲಿನ್ ನಗರದಲ್ಲಿ ಜೋಪಾನವಾಗಿವೆ. ನಮ್ಮ ದಾದಿ, ನಾನಿಯರ ತಿಳಿವಳಿಕೆಯನ್ನು ಬರೆದಿಟ್ಟವರು ಯಾರು?

ಮರುದಿನ ಬಗೆಬಗೆಯ ಮದ್ದುಗಳು ಬಂದವು. ಕೆಮ್ಮಿಗೆ ಶುಂಠಿ, ಕರಿಮೆಣಸು, ಮಂಡ್ಯದ ಬೆಲ್ಲ ಹಾಕಿ ಕುದಿಸಿದ ಕಷಾಯ. ಶೀತಕ್ಕೆ ಬಾಡಿಸಿದ ದೊಡ್ಡಪತ್ರೆಯ ರಸ. ಹೊಟ್ಟೆ ಉಬ್ಬರಕ್ಕೆ ಒಬ್ಬಳು 'ಅಜ್ವಾಯಿನ್' ಎಂದು ಬರೆದರೆ, ಅವಳ ಪಕ್ಕದಲ್ಲಿ ಕುಳಿತವಳು 'ಓಂಕಾಳು' ಎಂದು ಬರೆದಿದ್ದಳು. ಹೆಸರು ಎರಡು, ಡಬ್ಬಿಯೊಳಗಿನ ಕಾಳು ಒಂದೇ! ಓದುತ್ತಾ ಸಂತೋಷವಾಯಿತು.

ಆದರೆ ಒಂದು ಪುಸ್ತಕ ನನ್ನನ್ನು ತಡೆದು ನಿಲ್ಲಿಸಿತು. "ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗೀರಿ ರಕ್ತ ಬಿಡಬೇಕು" ಎಂದು ಅದರಲ್ಲಿತ್ತು. ಬರೆದ ಹುಡುಗನ ತಂದೆ ರಾತ್ರಿ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೋಗುವವರು. ಅವನನ್ನು ಹತ್ತಿರ ಕರೆದು ಹೇಳಿದೆ: ಕಟ್ಟಬಾರದು, ಗೀರಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈ ಕಾಲನ್ನು ಅಲುಗಾಡಿಸದೆ ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಮದ್ದು. ನಾಟಿ ಮದ್ದಿನಲ್ಲಿ ಕಳೆದ ಒಂದೊಂದು ಗಂಟೆಯೂ ಜೀವಕ್ಕೆ ಎರವಾಗಬಹುದು.

ತಾಯಂದಿರಿಗೂ ಒಂದು ಮಾತು. ಜೇನಿನಲ್ಲಿ ಶಿಫಾ ಇದೆಯೆಂದು ನಂಬುವವರು ನಾವು. ಆದರೂ ಒಂದು ವರ್ಷ ತುಂಬದ ಮಗುವಿನ ನಾಲಗೆಗೆ ಜೇನು ಸವರಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹಸುಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ದೊಡ್ಡವರ ಕೆಮ್ಮಿಗೆ ಹಿತವಾದದ್ದು ಕೂಸಿಗೆ ಅಪಾಯ. ಹಾಗೆಯೇ ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದು ಮೈ ಸುಟ್ಟರೆ ಟೂತ್‌ಪೇಸ್ಟ್ ಬಳಿಯಬೇಡಿ. ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ವೈದ್ಯರಲ್ಲಿಗೆ ಹೋಗಿ.

ಇದರರ್ಥ ದಾದಿಯ ಮಾತು ಸುಳ್ಳೆಂದಲ್ಲ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಮನೆಮಂದಿಯನ್ನು ಕಾಪಾಡಿದವರು ಅವರು. ಈಗ ಮಂಡ್ಯದಲ್ಲಿ ಜಿಲ್ಲಾಸ್ಪತ್ರೆಯಿದೆ. ಮದ್ದೂರು, ಮಳವಳ್ಳಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ.

ಈ ವಾರ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ದಾದಿಯ ಬಳಿ ಕೂರಿಸಿ. ಪ್ರತಿ ಮದ್ದಿನ ಕೆಳಗೆ ಒಂದು ಸಾಲು ಖಾಲಿ ಬಿಡಿಸಿ. ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ವೈದ್ಯರನ್ನು ಕೇಳಿ ಆ ಸಾಲಿನಲ್ಲಿ ಬರೆಯಿರಿ. ನನ್ನ ವಿದ್ಯಾರ್ಥಿ ಈಗಾಗಲೇ ಬರೆದಿದ್ದಾನೆ. ಆ ಪುಟವನ್ನು ಮೊದಲು ಓದಿಸಿಕೊಂಡವರು ಅವನ ದಾದಿಯಂತೆ.