ಅಳುಬುರುಕಿ ಅಂತ ನಗೋ ಮುಂಚೆ ಇದನ್ನ ಓದಿ

1/5
ಹೋದ ವಾರ ‘ಕ್ಲಾಸ್ ರೆಪ್ ಆಗಿ ಮುಂದುವರಿಯಲ್ಲ’ ಅಂತ ಹೇಳುವಾಗ ಒಬ್ಬ ಹುಡುಗಿಯ ಗಂಟಲು ಕಟ್ಟಿತು, ಕಣ್ಣು ತುಂಬಿತು. ಸಂಜೆಯೊಳಗೆ ಅವಳ ಮುಖ ವಾಟ್ಸಾಪ್ ಸ್ಟಿಕ್ಕರ್! ಕೆಳಗೆ ಸಾಲು: ‘ಅಳುಬುರುಕಿಗೆಲ್ಲ ಲೀಡರ್‌ಗಿರಿ ಯಾಕೆ?’ ನಕ್ಕವರಲ್ಲಿ ನಾನೂ ಇದ್ದೆ. ಅದಕ್ಕೇ ಈ ಸರಣಿ. ಪ್ಯಾಟ್ ಶ್ರೋಡರ್ ಅನ್ನೋ ಹೆಸರು ಕೇಳಿದ್ದೀರಾ? ನಾನೂ ಮೊನ್ನೆವರೆಗೆ ಕೇಳಿರಲಿಲ್ಲ.

2/5
1972. ಅಮೆರಿಕದ ಡೆನ್ವರ್ ನಗರ. ಹಾರ್ವರ್ಡ್‌ನಲ್ಲಿ ಕಾನೂನು ಓದಿದ 32 ವರ್ಷದ ವಕೀಲೆ, ಇಬ್ಬರು ಪುಟ್ಟ ಮಕ್ಕಳ ತಾಯಿ. ಕೊಲರಾಡೋ ರಾಜ್ಯದಿಂದ ಕಾಂಗ್ರೆಸ್‌ಗೆ ಆರಿಸಿ ಬಂದ ಮೊದಲ ಮಹಿಳೆ. (ನಮ್ಮ ಕಾಂಗ್ರೆಸ್ ಪಕ್ಷ ಅಲ್ಲ ಮಾರಾಯ್ರೆ, ಅಲ್ಲಿನ ಸಂಸತ್ತಿಗೇ ಆ ಹೆಸರು.)

ರಕ್ಷಣಾ ಸಮಿತಿಗೆ ಹೋದರೆ ಅಧ್ಯಕ್ಷರಿಗೆ ಈ ಹೆಂಗಸೂ ಬೇಡ, ಕಪ್ಪು ಸದಸ್ಯ ರಾನ್ ಡೆಲಮ್ಸ್ ಕೂಡ ಬೇಡ. ಇಬ್ಬರಿಗೂ ಸೇರಿ ಒಂದೇ ಕುರ್ಚಿ ಹಾಕಿಸಿದರು! ಎದ್ದು ಹೋಗ್ತಾರೆ ಅಂದ್ಕೊಂಡಿದ್ರೇನೋ. ಇಬ್ಬರೂ ಅದೇ ಕುರ್ಚಿಯಲ್ಲಿ ಅರ್ಧರ್ಧ ಕೂತರು, ಕೆಲಸ ಮಾಡಿದರು.

3/5
1987. ಅಧ್ಯಕ್ಷ ಚುನಾವಣೆಗೆ ನಿಲ್ಲೋದಾ ಅಂತ ತಿಂಗಳುಗಟ್ಟಲೆ ಊರೂರು ಸುತ್ತಿ, ಕೊನೆಗೆ ಡೆನ್ವರ್‌ನಲ್ಲಿ ಬೆಂಬಲಿಗರ ಮುಂದೆ ‘ನಿಲ್ಲಲ್ಲ’ ಅಂದರು. ಹೇಳುವಾಗ ಅತ್ತುಬಿಟ್ಟರು.

ಅಷ್ಟೇ ಸಾಕಾಯ್ತು. ಟೀವಿ ಕಾಮಿಡಿ ಷೋನಲ್ಲಿ ಅಣಕ, ಪತ್ರಿಕೆಗಳಲ್ಲಿ ‘ಹೆಂಗಸರಿಗೆ ಈ ಹುದ್ದೆ ಆಗಿಬರಲ್ಲ’ ಅನ್ನೋ ಉಪದೇಶ. ಅವರೇನು ಮಾಡಿದ್ರು ಗೊತ್ತಾ? ಸಾರ್ವಜನಿಕವಾಗಿ ಅತ್ತ ಗಂಡಸು ರಾಜಕಾರಣಿಗಳದ್ದೇ ಒಂದು ಫೈಲ್ ಇಡೋಕೆ ಶುರು ಮಾಡಿದರು. ಗಂಡಸು ಅತ್ತರೆ ‘ಹೃದಯವಂತ’, ಹೆಂಗಸು ಅತ್ತರೆ ‘ದುರ್ಬಲೆ’. ಈ ತಕ್ಕಡಿ ಯಾರು ಮಾಡಿದ್ದು ಸ್ವಾಮಿ?

4/5
‘ಆದ್ರೂ ರಾಜಕೀಯಕ್ಕೆ ಗಟ್ಟಿ ಮನಸ್ಸು ಬೇಕಲ್ವಾ?’ ಅಂತೀರಿ. ಬೇಕು. ಹಾಗಾದ್ರೆ ಕೇಳಿ.

ಮಗು ಹುಟ್ಟಿದಾಗ, ಮನೆಯವರು ಹಾಸಿಗೆ ಹಿಡಿದಾಗ ರಜೆ ಹಾಕಿದ್ರೆ ಕೆಲಸ ಹೋಗಬಾರದು ಅಂತ ಅವರು ಮಸೂದೆ ತಂದಿದ್ದು 1985ರಲ್ಲಿ. ಹಿರಿಯ ಬುಷ್ ಎರಡು ಸಲ ವೀಟೋ ಮಾಡಿದರು. 1993ರಲ್ಲಿ ಕ್ಲಿಂಟನ್ ಸಹಿ ಬಿತ್ತು: 12 ವಾರ ರಜೆ. ಸಂಬಳ ಇಲ್ಲ, ಸಣ್ಣ ಕಂಪನಿಗಳಿಗೆ ಅನ್ವಯಿಸಲ್ಲ, ಆ ಕೊರತೆ ಒಪ್ತೀನಿ. ಆದರೆ ಎಂಟು ವರ್ಷ ಒಂದೇ ಪಟ್ಟು ಹಿಡಿದರಲ್ಲ, ಆ ‘ಅಳುಬುರುಕಿ’ ಅತ್ತಿದ್ದು ಆ ಎಂಟು ವರ್ಷದ ನಡುವೆಯೇ. ಕಣ್ಣೊರೆಸಿಕೊಂಡು ವಾಪಸ್ ಅದೇ ಕೆಲಸಕ್ಕೆ ಹೋದರು. ಇದಕ್ಕಿಂತ ಗಟ್ಟಿ ಮನಸ್ಸು ಇನ್ಯಾವುದು?

5/5
ಅವರನ್ನ ಯಾರೂ ಸೋಲಿಸಿ ಕಳಿಸಲಿಲ್ಲ. ಸತತ 12 ಚುನಾವಣೆ ಗೆದ್ದು, 24 ವರ್ಷ ಕೂತು, 1997ರ ಜನವರಿಯಲ್ಲಿ ತಾವಾಗೇ ಎದ್ದು ಹೊರಟರು. ಆಗ ವಯಸ್ಸು 56. ಆಮೇಲೆ ಅಮೆರಿಕದ ಪ್ರಕಾಶಕರ ಸಂಘವನ್ನ ಹನ್ನೆರಡು ವರ್ಷ ನಡೆಸಿದರು. 2023ರಲ್ಲಿ ತೀರಿಕೊಂಡರು.

24 ವರ್ಷದ ಕೆಲಸ ಒಂದು ಕಡೆ, ಒಂದು ನಿಮಿಷದ ಕಣ್ಣೀರು ಇನ್ನೊಂದು ಕಡೆ. ನಾವು ಯಾವುದನ್ನ ನೆನಪಿಟ್ಕೋತೀವಿ ಅನ್ನೋದು ಅವರ ಬಗ್ಗೆ ಏನೂ ಹೇಳಲ್ಲ, ನಮ್ಮ ಬಗ್ಗೆ ಎಲ್ಲಾ ಹೇಳುತ್ತೆ.

ಸ್ಟಿಕ್ಕರ್ ಡಿಲೀಟ್ ಮಾಡಿ, ಅವಳ ಹತ್ರ ಸಾರಿ ಕೇಳಿದೀನಿ. ನೀವು?

ಅವಳು ರೆಪ್ ಆಗಿದ್ದಾಗ ಮಾಡಿದ ಒಂದೊಂದು ಕೆಲಸ ಕಾಮೆಂಟಲ್ಲಿ ಬರೀರಿ, ಹೆಸರು ಹಾಕೋದು ಬೇಡ. ನಾನೇ ಶುರು ಮಾಡ್ತೀನಿ: ಲ್ಯಾಬ್ ಟೈಮ್ ಬದಲಾಯಿಸಿ, ಹಳ್ಳಿಯಿಂದ ಬರೋ ನಮಗೆ ಕೊನೇ ಬಸ್ ತಪ್ಪದ ಹಾಗೆ ಮಾಡಿದ್ದು ಅವಳೇ.

#ಅತ್ತರೇನಂತೆ #ಪ್ಯಾಟ್‌ಶ್ರೋಡರ್